ಹವ್ಯಾಸಿಯೋ, ವ್ಯಾಪಾರಿಯೋ? ನಾಯಿ ತಳಿ ನಿಯಮಗಳಿಗೆ ಬಂದ ವಿರೋಧ: ಗಡಿ ಸೀಮೆಯಿಂದ ಒಂದು ನೋಟ

ನನ್ನ ದನಿ ಎಲ್ಲರಿಗೂ ಕೇಳ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ. ಗಡಿನಾಡ ಕನ್ನಡಿಗರ ವಿಚಾರ ಬಂದಾಗ ನಾವು ಶಾಲೆ, ಶಾಸನ, ಜಾತ್ರೆ, ಆಡುಮಾತು ಇವುಗಳ ಬಗ್ಗೆ ಮಾತಾಡುವುದು ರೂಢಿ. ಇವತ್ತು ನಾನು ನಾಯಿಯ ಬಗ್ಗೆ ಮಾತಾಡ್ತೀನಿ. ಅದಕ್ಕೆ ಕಾರಣ ಇದೆ. ಬಾಗಲಕೋಟೆ ಜಿಲ್ಲೆಯಲ್ಲಿ ಮುಧೋಳ ನಾಯಿ ಅಂತ ಕರೆಯುವ ಬೇಟೆನಾಯಿಗೆ ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಕಾರವಾನಿ ಅಂತಾರೆ. ಅದೇ ಉದ್ದ ಮೂತಿ, ಅದೇ ಒಳಗೆ ಸೇರಿದ ಹೊಟ್ಟೆ, ಅದೇ ಓಟ. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಅದು ‘ಕ್ಯಾರವಾನ್ ಹೌಂಡ್’. ಇನ್ನೊಂದು ಸಂಸ್ಥೆಯಾದ ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್‌ನಲ್ಲಿ ‘ಮುಧೋಳ ಹೌಂಡ್’. 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿಗಳ ಅಂಚೆಚೀಟಿ ತಂದಾಗ ಮುದ್ರಿಸಿದ್ದು ಮುಧೋಳದ ಹೆಸರನ್ನೇ. ಗಡಿ ನಾಯಿಗೆ ಗೊತ್ತಿಲ್ಲ, ಆದರೆ ಕಾಗದಕ್ಕೆ ಗೊತ್ತಿದೆ.

ಇಂಥ ನಾಯಿಯನ್ನು ಇಟ್ಟುಕೊಂಡವರು ಯಾರು? ಹೆಚ್ಚಿನವರಿಗೆ ಇದು ವ್ಯಾಪಾರವಲ್ಲ. ಹೊಲ ಕಾಯೋದಕ್ಕೆ, ಕುರಿ ದೊಡ್ಡಿ ಕಾಯೋದಕ್ಕೆ, ಇನ್ನು ಕೆಲವರು ಬರೀ ಶೋಕಿಗೆ, ಒಂದೋ ಎರಡೋ ನಾಯಿ ಸಾಕಿರ್ತಾರೆ. ಹೆಣ್ಣು ಸೂಲು ಹಾಕಿದರೆ ಒಂದು ಮರಿ ಬೀಗರಿಗೆ, ಒಂದು ಗೆಳೆಯನಿಗೆ, ಉಳಿದದ್ದು ಕೇಳಿಕೊಂಡು ಬಂದವರಿಗೆ ದುಡ್ಡಿಗೆ. ಈ ಕೊನೆಯ ಮಾತನ್ನು, ‘ದುಡ್ಡಿಗೆ’ ಅನ್ನೋದನ್ನು, ನೆನಪಿಟ್ಟುಕೊಳ್ರಿ. ಇಡೀ ತಕರಾರು ಅಲ್ಲೇ ಇದೆ.

ನಿಯಮ ಏನು ಹೇಳ್ತದೆ?

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2017ರ ಮೇ ತಿಂಗಳಲ್ಲಿ ನಾಯಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳನ್ನು ಹೊರಡಿಸಿತು. ಅದರ ತಿರುಳು ಹೀಗಿದೆ. ನಾಯಿ ತಳಿ ಬೆಳೆಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಶುಲ್ಕ 5,000 ರೂಪಾಯಿ, ಅವಧಿ ಎರಡು ವರ್ಷ. ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮೊದಲು, ಎಂಟು ವರ್ಷ ದಾಟಿದ ಮೇಲೆ ಗಂಡು ಬಿಡುವ ಹಾಗಿಲ್ಲ. 12 ತಿಂಗಳಲ್ಲಿ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಮೈಕ್ರೋಚಿಪ್ ಹಾಕಿಸಬೇಕು, ಪುಸ್ತಕ ಇಡಬೇಕು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು, ತಪಾಸಣೆಗೆ ಬಂದರೆ ಬಾಗಿಲು ತೆಗೆಯಬೇಕು.

ಇದರ ಹಿಂದಿನ ಕಾಳಜಿ ಸುಳ್ಳಲ್ಲ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರ್ತದೆ, ಗರ್ಭದ ಅವಧಿ ಸುಮಾರು 63 ದಿನ. ಬರೀ ಲಾಭ ನೋಡುವವನು ಪ್ರತಿ ಬೆದೆಗೂ ಗಂಡು ಬಿಟ್ಟರೆ ಅದು ವರ್ಷಕ್ಕೆ ಎರಡು ಸಲ ಹೆತ್ತು, ಎರಡು ಸಲ ಹಾಲೂಡಿಸಿ, ನಾಲ್ಕೈದು ವರ್ಷದಲ್ಲಿ ಎಲುಬು ಚಕ್ಕಳ ಆಗ್ತದೆ. ಇಕ್ಕಟ್ಟಿನ ಗೂಡು, ತಾಯಿಯಿಂದ ಬೇಗ ಬಿಡಿಸಿದ ಮರಿ, ರೋಗ ಮುಚ್ಚಿಟ್ಟು ಮಾಡುವ ಮಾರಾಟ, ಇವೆಲ್ಲ ದೊಡ್ಡ ಊರುಗಳ ನಾಯಿ ಮಾರುಕಟ್ಟೆಯಲ್ಲಿ ಇರೋದೇ.

ವಿರೋಧ ಒಂದಲ್ಲ, ಮೂರು

ಹವ್ಯಾಸಿಗಳ ವಿರೋಧ ಅಂತ ನಾವು ಒಟ್ಟಿಗೆ ಹೇಳುವುದನ್ನು ಬಿಡಿಸಿ ನೋಡಬೇಕು. ನನ್ನ ಪ್ರಬಂಧದ ಮುಖ್ಯ ವಾದವೇ ಇದು: ಇದರಲ್ಲಿ ಮೂರು ಬೇರೆ ಬೇರೆ ಆಕ್ಷೇಪಗಳಿವೆ, ಮೂರಕ್ಕೂ ಒಂದೇ ತೂಕ ಇಲ್ಲ.

ಮೊದಲನೆಯದು ಆರೈಕೆಯ ಮಟ್ಟದ ಬಗ್ಗೆ. ‘ನಮ್ಮ ನಾಯಿ, ಎಷ್ಟು ಸೂಲು ಅಂತ ಸರ್ಕಾರ ಯಾಕೆ ಹೇಳಬೇಕು?’ ಈ ಆಕ್ಷೇಪಕ್ಕೆ ಬಲ ಕಡಿಮೆ. ನಾಯಿಯನ್ನು ಪ್ರೀತಿಯಿಂದ ಸಾಕುವವನು ವರ್ಷಕ್ಕೆ ಎರಡು ಸೂಲು ತೆಗೆಯುವುದೇ ಇಲ್ಲ. ಎಂಟು ವಾರದ ಮಾತೂ ಹಾಗೇ. ಅಂದರೆ ಈ ಕಲಮುಗಳು ಒಳ್ಳೆಯ ಹವ್ಯಾಸಿ ಈಗಾಗಲೇ ಮಾಡ್ತಾ ಇರೋದನ್ನೇ ಬರೆದಿಟ್ಟಿವೆ.

ಎರಡನೆಯದು ವ್ಯಾಖ್ಯೆಯ ಬಗ್ಗೆ. ನಿಯಮದ ಪ್ರಕಾರ ನಿರ್ದಿಷ್ಟ ತಳಿಯ ನಾಯಿಗಳನ್ನು ಸಂವರ್ಧನೆಗೆ ಮತ್ತು ಮಾರಾಟಕ್ಕೆ ಇಟ್ಟುಕೊಂಡ ವ್ಯಕ್ತಿ ಅಥವಾ ಗುಂಪು ‘ಬ್ರೀಡರ್’. ಎಷ್ಟು ನಾಯಿ ಇದ್ದರೆ, ಎಷ್ಟು ಮರಿ ಮಾರಿದರೆ ಅನ್ನುವ ಕೆಳಮಿತಿ ಇಲ್ಲ. ಇಪ್ಪತ್ತು ಹೆಣ್ಣುನಾಯಿಗಳ ಕೆನಲ್ ಇಟ್ಟವನೂ ಹಿತ್ತಲಲ್ಲಿ ಒಂದು ಹೆಣ್ಣುನಾಯಿ ಕಟ್ಟಿದ ಜತ್ತದ ರೈತನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಈ ಆಕ್ಷೇಪಕ್ಕೆ ನಿಜವಾದ ಬಲ ಇದೆ.

ಮೂರನೆಯದು ಭಯ. ಮನೆಯ ಅಂಗಳಕ್ಕೆ ಅಧಿಕಾರಿ ಬರ್ತಾನೆ, ಕಾಗದ ಕೇಳ್ತಾನೆ ಅನ್ನೋ ಭಯ. ಬೇಟೆನಾಯಿ ಸಾಕಿದವರಲ್ಲಿ ಇದು ಇನ್ನೊಂದು ಪಾಲು ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇಲೆ ಮೊಲದ ಬೇಟೆ ಅಪರಾಧ. ನಾಯಿಯ ಹೆಸರೇ ಬೇಟೆನಾಯಿ ಆದಾಗ, ಅದನ್ನು ಸರ್ಕಾರಿ ಪುಸ್ತಕದಲ್ಲಿ ಬರೆಸಲು ಹಳ್ಳಿಯವರು ಹಿಂದೆಮುಂದೆ ನೋಡೋದು ಸಹಜ. ಈ ಭಯವನ್ನು ಯಾವ ಕ್ಲಬ್ಬಿನ ಮನವಿಯೂ ಬಾಯಿ ಬಿಟ್ಟು ಹೇಳುವುದಿಲ್ಲ.

ಎರಡು ಸಣ್ಣ ಲೆಕ್ಕ

ವ್ಯಾಖ್ಯೆಯ ಆಕ್ಷೇಪ ಬರೀ ಗೊಣಗಾಟ ಅಲ್ಲ ಅನ್ನೋದಕ್ಕೆ ಎರಡು ಲೆಕ್ಕ ಹಾಕಿ ತೋರಿಸ್ತೀನಿ.

ಮೊದಲು ಶುಲ್ಕದ ಲೆಕ್ಕ. ಒಂದೇ ಹೆಣ್ಣುನಾಯಿ ಇರುವವನಿಗೆ ಎರಡು ವರ್ಷದಲ್ಲಿ ಹೆಚ್ಚೆಂದರೆ ಎರಡು ಸೂಲು. 5,000 ಭಾಗಿಸು ಎರಡು: ಸೂಲಿಗೆ 2,500 ರೂಪಾಯಿ. ಇಪ್ಪತ್ತು ಹೆಣ್ಣುನಾಯಿ ಇರುವವನಿಗೆ ಎರಡು ವರ್ಷದಲ್ಲಿ ನಲವತ್ತು ಸೂಲು ತೆಗೆಯಲು ಅವಕಾಶ. ಅವನಿಗೆ ಸೂಲಿಗೆ ಬೀಳೋದು 125 ರೂಪಾಯಿ. ಅಂದರೆ ನಿಯಮ ಯಾರನ್ನು ಹಿಡಿಯೋಕೆ ಬಂತೋ ಅವನಿಗೆ ಭಾರ ಕಡಿಮೆ, ಸಣ್ಣವನಿಗೆ ಇಪ್ಪತ್ತು ಪಟ್ಟು ಹೆಚ್ಚು.

ಎರಡನೆಯದು ತಳಿಯ ಲೆಕ್ಕ. ಅನುವಂಶಿಕತೆ ಓದಿದವರಿಗೆ ಸೀವಾಲ್ ರೈಟ್ ಕೊಟ್ಟ ಸೂತ್ರ ಗೊತ್ತಿರ್ತದೆ. ಮರಿ ಹಾಕಿಸುವ ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ‘ಪರಿಣಾಮಕಾರಿ ಸಂಖ್ಯೆ’ ಸಿಗ್ತದೆ. ಕಣ್ಣಿಗೆ ಎಷ್ಟೇ ನಾಯಿ ಕಂಡರೂ ರಕ್ತದ ವೈವಿಧ್ಯದ ದೃಷ್ಟಿಯಿಂದ ಅವು ಎಷ್ಟು ನಾಯಿಗೆ ಸಮ ಅನ್ನೋದನ್ನು ಅದು ಹೇಳ್ತದೆ. ಒಂದು ಕೆನಲ್‌ನಲ್ಲಿ ಒಂದು ಪ್ರಸಿದ್ಧ ಗಂಡು, ಹತ್ತೊಂಬತ್ತು ಹೆಣ್ಣು ಇದ್ದರೆ ಉತ್ತರ 3.8. ಅದೇ ಇಪ್ಪತ್ತು ನಾಯಿ ಹತ್ತು ಗಂಡು, ಹತ್ತು ಹೆಣ್ಣಾಗಿ ಹತ್ತಾರು ಮನೆಗಳಲ್ಲಿ ಹಂಚಿಹೋಗಿದ್ದರೆ ಉತ್ತರ 20. ಈ ಸಂಖ್ಯೆ ಇಳಿದಷ್ಟೂ ಒಳಸಂಬಂಧ ಹೆಚ್ಚಾಗ್ತದೆ, ರೋಗ ಗಟ್ಟಿಯಾಗ್ತದೆ, ಬಂಜೆತನ ಬರ್ತದೆ.

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಒಳ್ಳೆಯ ಕೆಲಸ. ಆದರೆ ಒಂದು ಕೇಂದ್ರ ಒಂದು ತಳಿಯನ್ನು ಉಳಿಸೋಕೆ ಆಗೋದಿಲ್ಲ. ತಳಿ ಉಳಿದಿರೋದು ಹಳ್ಳಿಯ ಹಿತ್ತಿಲುಗಳಲ್ಲಿ. ಸಣ್ಣ ಸಾಕಣೆದಾರ ‘ಈ ರಗಳೆ ಬೇಡಪ್ಪ’ ಅಂತ ಕೈಬಿಟ್ಟರೆ ನಾಯಿಗಳು ಉಳಿಯಬಹುದು, ಆದರೆ ನಾಲ್ಕಾರು ಕೆನಲ್‌ಗಳಲ್ಲಿ, ಒಂದೆರಡು ಗಂಡುಗಳ ರಕ್ತದಲ್ಲಿ.

ಬೇರೆ ದೇಶಗಳಲ್ಲಿ ಗೆರೆ ಎಲ್ಲಿ?

ಈ ತಕರಾರು ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ 2013ರಲ್ಲಿ ಕೃಷಿ ಇಲಾಖೆ ಕೊಳ್ಳುವವರು ಕಣ್ಣಾರೆ ನೋಡದ ಮರಿಗಳ ಮಾರಾಟವನ್ನು, ಮುಖ್ಯವಾಗಿ ಇಂಟರ್ನೆಟ್ ಮಾರಾಟವನ್ನು, ಲೈಸನ್ಸ್ ಅಡಿಗೆ ತಂದಾಗ ಹವ್ಯಾಸಿಗಳು ದೊಡ್ಡ ಗದ್ದಲ ಮಾಡಿದರು. ಇಲಾಖೆ ಗೆರೆ ಎಳೆದದ್ದು ಸಂಖ್ಯೆಯ ಮೇಲೆ: ಮರಿ ಹಾಕುವ ಹೆಣ್ಣುಗಳು ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಇದ್ದು, ತನ್ನ ಮನೆಯಲ್ಲೇ ಹುಟ್ಟಿ ಬೆಳೆದ ಮರಿಗಳನ್ನು ಮಾತ್ರ ಮಾರುವವರಿಗೆ ವಿನಾಯಿತಿ. ಮೊದಲು ಮೂರು ಇದ್ದ ಮಿತಿಯನ್ನು ಆಗ ನಾಲ್ಕಕ್ಕೆ ಏರಿಸಿದರು. ಆದರೂ ಹಲವು ಶ್ವಾನ ಕ್ಲಬ್‌ಗಳು ಕೋರ್ಟಿಗೆ ಹೋದವು. 2014ರಲ್ಲಿ ನ್ಯಾಯಾಲಯ ಇಲಾಖೆಯ ಪರವಾಗಿ ನಿಂತಿತು. ಇಂಗ್ಲೆಂಡ್‌ನಲ್ಲಿ 2018ರ ಅಕ್ಟೋಬರಿನಿಂದ ಗೆರೆ ಇರೋದು ಸೂಲಿನ ಮೇಲೆ: 12 ತಿಂಗಳಲ್ಲಿ ಮೂರು ಅಥವಾ ಹೆಚ್ಚು ಸೂಲು ತೆಗೆದು ಮರಿ ಮಾರಿದರೆ ಲೈಸನ್ಸ್ ಬೇಕು. ಅದಕ್ಕಿಂತ ಕಡಿಮೆ ಇದ್ದರೂ ಅದನ್ನೇ ದಂಧೆಯಾಗಿ ನಡೆಸಿದರೆ ತಪ್ಪಿಸಿಕೊಳ್ಳುವಂತಿಲ್ಲ. ಈ ಎರಡೂ ಕಡೆ ಹವ್ಯಾಸಿ ಅನ್ನೋ ಪದಕ್ಕೆ ಒಂದು ಅಂಕಿ ಇದೆ. ನಮ್ಮಲ್ಲಿ ಅದು ಇನ್ನೂ ಬರೀ ಬಾಯಿಮಾತು. ಹಾಗಾಗಿ ಸಾಚಾ ಹವ್ಯಾಸಿಯೂ, ಹವ್ಯಾಸಿ ಅಂತ ಹೇಳಿಕೊಂಡು ದಂಧೆ ಮಾಡುವವನೂ ಒಂದೇ ಮಾತಾಡ್ತಾರೆ.

ಯಾರನ್ನು ಕೇಳಿ ಮಾಡಿದರು?

2024ರ ಮಾರ್ಚ್‌ನಲ್ಲಿ ಕೇಂದ್ರ ಪಶುಸಂಗೋಪನೆ ಇಲಾಖೆ ಇನ್ನೊಂದು ಸುತ್ತೋಲೆ ಕಳಿಸಿತು: ‘ಉಗ್ರ’ ಅಂತ ಗುರುತಿಸಿದ 23 ತಳಿಗಳ ಆಮದು, ಸಂವರ್ಧನೆ, ಮಾರಾಟಕ್ಕೆ ರಾಜ್ಯಗಳು ಪರವಾನಗಿ ಕೊಡಬಾರದು, ಈಗಾಗಲೇ ಸಾಕಿರುವ ಅಂಥ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು ಅಂತ. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಮಾಡಿದ್ದು ಅನ್ನೋದು ಮುಖ್ಯ ಕಾರಣಗಳಲ್ಲಿ ಒಂದು. ಕೇಳಿ, ಕಾನೂನಿನ ದಾರಿಯಲ್ಲಿ ಮತ್ತೆ ಮಾಡಲು ಅಡ್ಡಿ ಇಲ್ಲ ಅಂತಲೂ ಕೋರ್ಟ್ ಹೇಳಿತು.

‘ಕೇಳುವುದು’ ಅನ್ನೋ ಮಾತು ಗಡಿಯವರಿಗೆ ಬೇರೆಯದೇ ಅರ್ಥ ಕೊಡ್ತದೆ. ಕೇಂದ್ರದ ಅಧಿಸೂಚನೆ ರಾಜಪತ್ರದಲ್ಲಿ ಬರೋದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ನೋಂದಣಿ ಮಂಡಳಿ ಆಯಾ ರಾಜ್ಯದ್ದು; ಜತ್ತ, ಅಕ್ಕಲಕೋಟೆಯವರಿಗೆ ಅದು ಮುಂಬೈ ಕಡೆಯ ಮರಾಠಿ ವ್ಯವಹಾರ, ತಾಳವಾಡಿಯವರಿಗೆ ಚೆನ್ನೈ ಕಡೆಯ ತಮಿಳು ವ್ಯವಹಾರ. ಬೆಂಗಳೂರಿನ ಹವ್ಯಾಸಿಗೆ ಕ್ಲಬ್ ಇದೆ, ವಕೀಲರು ಇದ್ದಾರೆ, ಇಂಗ್ಲಿಷ್ ಇದೆ. ಕಾರವಾನಿ ಸಾಕಿದ ಕನ್ನಡ ಮನೆಗೆ ಇವು ಮೂರೂ ಇಲ್ಲ. ಆದರೆ ಒಂದು ದಾರಿ ಇದೆ. ಸಂವಿಧಾನದ 350ನೇ ವಿಧಿಯ ಪ್ರಕಾರ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು. ನಾವು ಈ ವಿಧಿಯನ್ನು ಶಾಲೆಯ ವಿಚಾರಕ್ಕೆ ಮಾತ್ರ ನೆನೆಸಿಕೊಳ್ತೀವಿ. ಕರಡು ನಿಯಮಕ್ಕೆ ಆಕ್ಷೇಪಣೆ ಸಲ್ಲಿಸುವಾಗಲೂ ಅದು ನೆನಪಾಗಬೇಕು.

ಹಾಗಾದರೆ ಏನು ಮಾಡಬಹುದು?

ನಿಯಮ ಬೇಡ ಅನ್ನೋದು ನನ್ನ ನಿಲುವಲ್ಲ. ಸೂಲಿನ ಮಿತಿ, ವಯಸ್ಸಿನ ಮಿತಿ, ಎಂಟು ವಾರದ ಮಿತಿ ಎಲ್ಲರಿಗೂ ಇರಲಿ, ಒಂದೇ ನಾಯಿ ಇದ್ದವನಿಗೂ ಇರಲಿ. ನಾಯಿಯ ನೋವಿಗೆ ದೊಡ್ಡ ಮನೆ, ಸಣ್ಣ ಮನೆ ಅಂತ ಇಲ್ಲ. ಆದರೆ ಪೂರ್ತಿ ಲೈಸನ್ಸ್, ಶುಲ್ಕ, ವಾರ್ಷಿಕ ಲೆಕ್ಕ ಇವು ವರ್ಷಕ್ಕೆ ಇಂತಿಷ್ಟು ಸೂಲು ದಾಟಿದವರಿಗೆ ಮಾತ್ರ ಇರಲಿ. ಅದರ ಕೆಳಗಿನವರಿಗೆ ಊರಿನ ಪಶು ಚಿಕಿತ್ಸಾಲಯದಲ್ಲೇ, ಲಸಿಕೆ ಹಾಕಿಸುವಾಗ, ಶುಲ್ಕವಿಲ್ಲದೆ ಒಂದು ಸಾಲಿನ ದಾಖಲೆ ಸಾಕು: ತಾಯಿ ಯಾವುದು, ತಂದೆ ಯಾವುದು, ಮರಿ ಎಷ್ಟು. ಈ ದಾಖಲೆ ಸರ್ಕಾರಕ್ಕಿಂತ ಸಾಕಿದವನಿಗೇ ಹೆಚ್ಚು ಉಪಯೋಗ. ವಂಶ ಗೊತ್ತಿದ್ದರೆ ಒಳಸಂಬಂಧ ತಪ್ಪಿಸಬಹುದು, ಗಡಿಯ ಎರಡೂ ಕಡೆಯ ನಾಯಿಗಳನ್ನು ಒಂದೇ ಪುಸ್ತಕದಲ್ಲಿ ನೋಡಬಹುದು.

ಪ್ರಶ್ನೋತ್ತರ

ಪ್ರಶ್ನೆ: ಮಿತಿ ಇಟ್ಟರೆ ದಂಧೆಯವರು ಹೆಂಡತಿ, ಅಣ್ಣ, ತಮ್ಮ ಅಂತ ಹೆಸರು ಹಂಚಿಕೊಂಡು ಎಲ್ಲರೂ ಹವ್ಯಾಸಿ ಆಗಿಬಿಡೋದಿಲ್ವಾ, ಸರ್?

ಉತ್ತರ: ಆಗ್ತಾರೆ, ಖಂಡಿತ. ಅದಕ್ಕೇ ಲೆಕ್ಕ ಮನುಷ್ಯನ ಮೇಲೆ ಅಲ್ಲ, ಜಾಗದ ಮೇಲೆ ಇರಬೇಕು. ಒಂದು ಮನೆ, ಒಂದು ತೋಟ, ಅಲ್ಲಿ ವರ್ಷಕ್ಕೆ ಎಷ್ಟು ಸೂಲು ಅಂತ ನೋಡಬೇಕು. ಕಳ್ಳದಾರಿ ಪೂರ್ತಿ ಮುಚ್ಚೋದಿಲ್ಲ, ಆದರೆ ಈಗಿನ ಹಾಗೆ ಎಲ್ಲರಿಗೂ ಒಂದೇ ಬಲೆ ಬೀಸಿದರೆ ಸಣ್ಣ ಮೀನೇ ಸಿಕ್ಕೋದು.

ಪ್ರಶ್ನೆ: ಹೊಸೂರು ಕಡೆ ಹಸ್ಕಿ, ಪಗ್ ಸಾಕೋರೂ ಹವ್ಯಾಸಿ ಅಂತಾರೆ. ಅವರಿಗೂ ಇದೇ ವಾದ ಹೊಂದುತ್ತಾ?

ಉತ್ತರ: ಒಳ್ಳೆಯ ಪ್ರಶ್ನೆ, ಮೇಡಂ. ತಮಿಳುನಾಡು 2024ರಲ್ಲಿ ತಂದ ನೀತಿ ನಮ್ಮ ಹವೆಗೆ ಒಗ್ಗದ ಕೆಲವು ವಿದೇಶಿ ತಳಿಗಳ ಸಂವರ್ಧನೆಯನ್ನು ತಡೆಯಲು, ರಾಜಪಾಳಯಂ, ಚಿಪ್ಪಿಪಾರೈ, ಕೊಂಬೈ, ಕನ್ನಿಯಂಥ ನಾಡತಳಿಗಳನ್ನು ಬೆಳೆಸಲು ಹೊರಟಿತು. ಶುಲ್ಕದ ವಾದ ಹಸ್ಕಿ ಸಾಕುವವನಿಗೂ ಹೊಂದುತ್ತದೆ, ಸಣ್ಣವನು ಸಣ್ಣವನೇ. ತಳಿ ಉಳಿಸುವ ವಾದ ಹೊಂದುವುದಿಲ್ಲ, ಹಸ್ಕಿ ಹೊಸೂರಿನಲ್ಲಿ ಉಳಿಯದಿದ್ದರೆ ಅದರ ತಳಿ ಅಳಿಯೋದಿಲ್ಲ. ಕಾರವಾನಿ ನಮ್ಮ ಸೀಮೆಯಲ್ಲಿ ಉಳಿಯದಿದ್ದರೆ ಅದಕ್ಕೆ ಬೇರೆ ಊರಿಲ್ಲ.

ಸಮಯ ಆಯ್ತು ಅಂತ ನಿರ್ವಾಹಕರು ಸೂಚಿಸ್ತಿದ್ದಾರೆ.