ಹೆರಿಗೆ ಕೋಣೆಯ ಕಿರಿಯ ವೈದ್ಯರು: ಮೂರು ವರ್ಷಗಳ ಕಾಯಕ

ತುಂಬು ಗರ್ಭಿಣಿಯನ್ನು ದೊಡ್ಡ ಆಸ್ಪತ್ರೆಗೆ ಕರೆತಂದ ಮನೆಯವರು ಬಾಗಿಲಲ್ಲೇ ಕೇಳುವ ಮೊದಲ ಪ್ರಶ್ನೆ, “ದೊಡ್ಡ ಡಾಕ್ಟರು ಎಲ್ಲಿ?” ಎಂಬುದು. ಎದುರಿಗೆ ನಿಂತಿರುವವರು ಮೂವತ್ತು ತುಂಬದ ತರುಣಿಯೋ ತರುಣನೋ ಆಗಿರುತ್ತಾರೆ. “ಇವರು ಇನ್ನೂ ಓದುತ್ತಿರುವವರು, ನಮ್ಮ ಮಗಳ ಮೇಲೆ ಕಲಿಯುತ್ತಾರೆ” ಎಂಬ ಶಂಕೆ ಮನಸ್ಸಿನಲ್ಲಿ ಮೂಡುವುದು ಸಹಜ. ಈ ಶಂಕೆಯಿಂದ ಅಮೂಲ್ಯ ಸಮಯ ವ್ಯರ್ಥವಾಗುವುದುಂಟು. ಆದುದರಿಂದ ಈ ಕಿರಿಯ ವೈದ್ಯರು ಯಾರು, ಏನನ್ನು, ಹೇಗೆ ಕಲಿಯುತ್ತಾರೆ ಎಂಬುದನ್ನು ನಾವೆಲ್ಲರೂ ತಿಳಿದಿರುವುದು ಒಳಿತು.

ಇವರು ಯಾರು?

ಜನರು ‘ಪಿ.ಜಿ. ಡಾಕ್ಟರು’ ಎಂದು ಕರೆಯುವ ಇವರು ನಾಲ್ಕೂವರೆ ವರ್ಷಗಳ ಎಂ.ಬಿ.ಬಿ.ಎಸ್. ವ್ಯಾಸಂಗವನ್ನೂ ಒಂದು ವರ್ಷದ ಗೃಹವೈದ್ಯ ಸೇವೆಯನ್ನೂ ಮುಗಿಸಿ ನೋಂದಣಿ ಪಡೆದ ವೈದ್ಯರೇ ಆಗಿದ್ದಾರೆ. ಆಮೇಲೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು, ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಮೂರು ವರ್ಷಗಳ ಎಂ.ಎಸ್. ಪದವಿಗೆ ಸೇರುತ್ತಾರೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1889ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕಲಿಯುವ ವೈದ್ಯರು ಆಸ್ಪತ್ರೆಯಲ್ಲಿಯೇ ವಾಸಿಸುತ್ತಿದ್ದರು. ‘ರೆಸಿಡೆಂಟ್’ ಎಂಬ ಹೆಸರು ಆ ಬಗೆಯ ವಾಸವನ್ನೇ ಸೂಚಿಸುತ್ತದೆ.

ನಮ್ಮ ದಾವಣಗೆರೆಗೆ ಈ ವಿದ್ಯೆ ಬಂದುದರ ಹಿಂದೆ ಸಮಾಜದ ದಾಸೋಹ ಭಾವವಿದೆ. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆಯು 1965ರಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರರ ಹೆಸರಿನಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. 2006ರಲ್ಲಿ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಜೊತೆಗೂಡಿತು. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆಗಳ ವಾರ್ಡುಗಳು ಎಷ್ಟೋ ತಲೆಮಾರಿನ ವೈದ್ಯರಿಗೆ ಪಾಠಶಾಲೆಗಳಾಗಿವೆ.

ಕಲಿಕೆಯ ಮೆಟ್ಟಿಲುಗಳು

ಈ ವಿದ್ಯೆಯು ಪುಸ್ತಕದಿಂದ ಮಾತ್ರ ಬರುವಂಥದ್ದಲ್ಲ. ಮೊದಲ ವರ್ಷದವರು ಗರ್ಭಿಣಿಯ ರಕ್ತದೊತ್ತಡ ನೋಡುವುದು, ಮಗುವಿನ ಎದೆಬಡಿತ ಆಲಿಸುವುದು, ಗರ್ಭದ್ವಾರ ಎಷ್ಟು ತೆರೆದಿದೆ ಎಂದು ಬೆರಳಿನಿಂದ ಅಳೆದು ಪಾರ್ಟೋಗ್ರಾಫ್ ಎಂಬ ನಕ್ಷೆಯಲ್ಲಿ ಗುರುತಿಸುವುದು, ಸಹಜ ಹೆರಿಗೆ ಮಾಡಿಸುವುದು ಇವುಗಳಲ್ಲಿ ಪಳಗುತ್ತಾರೆ. ಮುಂದೆ ಹಿರಿಯರ ಪಕ್ಕದಲ್ಲಿ ನಿಂತು ಸಿಸೇರಿಯನ್‌ಗೆ ನೆರವಾಗುತ್ತಾರೆ. ಬಳಿಕ ಹಿರಿಯರು ಪಕ್ಕದಲ್ಲಿ ನಿಂತಿರಲು ತಾವೇ ಮಾಡುತ್ತಾರೆ. ಕೊನೆಯ ವರ್ಷದ ಹೊತ್ತಿಗೆ ತಲೆಕೆಳಗಾದ ಸ್ಥಿತಿಗಳನ್ನೂ ನಿಭಾಯಿಸುವ ಧೈರ್ಯ ಬಂದಿರಬೇಕು. ಇವರ ಮೇಲೆ ಸೀನಿಯರ್ ರೆಸಿಡೆಂಟ್, ಸಹಾಯಕ ಪ್ರಾಧ್ಯಾಪಕ, ಪ್ರಾಧ್ಯಾಪಕ ಎಂಬ ಸಾಲೇ ಇರುತ್ತದೆ. ‘ದೊಡ್ಡ ಡಾಕ್ಟರು’ ಕಣ್ಣಿಗೆ ಕಾಣದಿದ್ದರೂ ಕರೆಯ ದೂರದಲ್ಲಿ ಇರಬೇಕಾದುದು ನಿಯಮ.

ಇದರ ಬೆಲೆ ತಿಳಿಯುವುದು ಹೆರಿಗೆಯ ನಂತರದ ರಕ್ತಸ್ರಾವದಲ್ಲಿ. ತುಂಬು ಗರ್ಭದಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯಾಗದೆ ಸಡಿಲವಾಗಿಯೇ ಉಳಿದರೆ ಎಷ್ಟು ಬೇಗ ಅಪಾಯ ಬರುತ್ತದೆ ಎಂಬುದನ್ನು ಇದರಿಂದಲೇ ಊಹಿಸಬಹುದು. ಗರ್ಭಕೋಶವನ್ನು ಉಜ್ಜಿ ಬಿಗಿಗೊಳಿಸುವುದು, ಆಕ್ಸಿಟೋಸಿನ್ ಕೊಡುವುದು, ಎಲ್ಲಿ ಹರಿದಿದೆ ಎಂದು ನೋಡುವುದು, ರಕ್ತ ತರಿಸುವುದು, ಎಲ್ಲವೂ ನಿಮಿಷಗಳಲ್ಲಿ ಒಟ್ಟಿಗೆ ನಡೆಯಬೇಕು. ರಾತ್ರಿ ಎರಡು ಗಂಟೆಗೆ ಆ ಮಂಚದ ಬಳಿ ಇರುವ ಕೈ ಬಹುಮಟ್ಟಿಗೆ ಕಿರಿಯ ವೈದ್ಯರದೇ.

ಹರಿಹರದ ದಾರಿ

ತುಂಗಭದ್ರೆಯ ದಡದ ಹರಿಹರವು ದಾವಣಗೆರೆಗೆ ಸುಮಾರು 14 ಕಿಲೋಮೀಟರು ದೂರ. ಕೇಳಲು ಹತ್ತಿರ, ಆದರೆ ರಕ್ತ ಹರಿಯುತ್ತಿರುವಾಗ ಅದೇ ದೂರದ ದಾರಿ. ಮನೆಯಲ್ಲಿ ನಿರ್ಧರಿಸಲು ಆಗುವ ತಡ, ವಾಹನ ಸಿಗಲು ಆಗುವ ತಡ, ಆಸ್ಪತ್ರೆಯಲ್ಲಿ ಚಿಕಿತ್ಸೆ ಆರಂಭಿಸಲು ಆಗುವ ತಡ, ಈ ಮೂರು ತಡಗಳೇ ತಾಯಂದಿರ ಪ್ರಾಣಕ್ಕೆ ಎರವಾಗುತ್ತವೆ ಎಂದು ತಜ್ಞರು ಹೇಳುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿಯೇ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮತ್ತು ರಕ್ತದ ವ್ಯವಸ್ಥೆ ಹಗಲಿರುಳೂ ಇದ್ದರೆ ಎಷ್ಟೋ ಪ್ರಯಾಣಗಳು ತಪ್ಪುತ್ತವೆ. ಇಂದು ದಾವಣಗೆರೆಯ ವಾರ್ಡುಗಳಲ್ಲಿ ಕಲಿಯುವವರೇ ನಾಳೆ ಅಂಥ ಊರುಗಳಿಗೆ ಬೇಕಾದವರು. ಸ್ನಾತಕೋತ್ತರ ವೈದ್ಯರು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಬೇಕೆಂಬ ಈಗಿನ ನಿಯಮದ ಆಶಯವೂ ಇದೇ.

ಈ ಶ್ರಮಕ್ಕೆ ಫಲವಿದೆ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2001–03ರಲ್ಲಿ 228 ತಾಯಂದಿರು ಸಾಯುತ್ತಿದ್ದರು; 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆದರೂ ಆ 69ರಲ್ಲಿ ಪ್ರತಿಯೊಂದೂ ಒಂದು ಮನೆಯ ಕತ್ತಲೆ.

ಕಿರಿಯರ ಕಷ್ಟ, ತಾಯಿಯ ಗೌರವ

ಕರ್ತವ್ಯವು ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆ ಹೇಳಿತ್ತು. ದೇಶದ ಅನೇಕ ವಾರ್ಡುಗಳಲ್ಲಿ ಅದು ಕಾಗದದಲ್ಲಿಯೇ ಉಳಿದಿದೆ. 2020ರಲ್ಲಿ, ಕೊರೊನಾ ಕಾಲದಲ್ಲಿ, ದಾವಣಗೆರೆಯ ಕಿರಿಯ ವೈದ್ಯರು ಬಾಕಿ ಶಿಷ್ಯವೇತನಕ್ಕಾಗಿ ಧರಣಿ ಕುಳಿತುದನ್ನು ನಗರ ಕಂಡಿದೆ. ಕಾಯಕಕ್ಕೆ ತಕ್ಕ ಪ್ರತಿಫಲವೂ ನಿದ್ರೆಯೂ ಸಲ್ಲಬೇಕೆಂಬುದು ನ್ಯಾಯ. ದಣಿದ ಕೈಯಿಂದ ತಾಯಿಗೂ ಅಪಾಯ. ಅಂತೆಯೇ ನೋವಿನಲ್ಲಿರುವ ಹೆಣ್ಣನ್ನು ಗದರದೆ, ಮರೆಯಿಟ್ಟು, ವಿವರಿಸಿ, ಒಪ್ಪಿಗೆ ಪಡೆದು ಮುಟ್ಟುವುದೂ ಈ ವಿದ್ಯೆಯ ಭಾಗವೇ. 2017ರಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮವು ಹೆರಿಗೆ ಕೋಣೆಗಳಲ್ಲಿ ಈ ಗೌರವವನ್ನೂ ಬಯಸುತ್ತದೆ.

ನಾವು ಮಾಡಬೇಕಾದುದು

• ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ಗರ್ಭಿಣಿ ತಪಾಸಣೆಗೆ ಮನೆಯ ಹೆಣ್ಣುಮಕ್ಕಳನ್ನು ಕರೆದೊಯ್ಯೋಣ. ರಕ್ತಹೀನತೆಯನ್ನು ಮೊದಲೇ ಸರಿಪಡಿಸಿಕೊಂಡ ತಾಯಿ ರಕ್ತಸ್ರಾವವನ್ನು ಹೆಚ್ಚು ತಾಳಬಲ್ಲಳು.

• ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಫಿಟ್ಸ್, ರಕ್ತ ಕಾಣುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು ಕಂಡರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡೋಣ. ತಾಯಿ ಕಾರ್ಡನ್ನು ಮರೆಯದೆ ಒಯ್ಯೋಣ.

• ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ದುಡಿಯುವ ಶಕ್ತಿ ಕುಂದದು. ನಮ್ಮ ಸೊಸೆಗೆ ರಕ್ತ ಬೇಕಾದಾಗ ಹಿಂದೆ ಸರಿಯದಿರೋಣ.

• ಕಿರಿಯ ವೈದ್ಯರ ಹೆಸರನ್ನು, ಅವರ ಮೇಲಿನ ಹಿರಿಯರು ಯಾರೆಂಬುದನ್ನು ಸಮಾಧಾನದಿಂದ ಕೇಳೋಣ. ಅದು ನಮ್ಮ ಹಕ್ಕು. ಆದರೆ ಕೂಗಾಟದಿಂದ ಚಿಕಿತ್ಸೆಯ ಕೈ ತಡೆಯದಿರೋಣ.

ಜನನಕ್ಕೆ ಸೂತಕವಿಲ್ಲವೆಂದು ಸಾರಿದ ಶರಣರ ಪರಂಪರೆ ನಮ್ಮದು. ಹೆರಿಗೆಯ ನೆತ್ತರಿನಲ್ಲಿ ಕೈಯಿಟ್ಟು ಇರುಳೆಲ್ಲ ದುಡಿಯುವವರ ಕಾಯಕವನ್ನು ಗೌರವಿಸುವುದು, ಅವರ ಬಳಿಗೆ ತಾಯಿಯನ್ನು ಸಕಾಲದಲ್ಲಿ ತಲುಪಿಸುವುದು ನಮ್ಮೆಲ್ಲರ ಹೊಣೆ.