ಸೇತುವೆ ಬಾಗಿದ್ರೆ ಭಯವಿಲ್ಲ, ವಾಪಸ್ ಬರದಿದ್ರೆ ಭಯ

2024ರ ಆಗಸ್ಟ್ 7ರಂದು, ಮಧ್ಯರಾತ್ರಿ ಕಳೆದ ಮೇಲೆ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದುಬಿತ್ತು. ಮೇಲಿದ್ದ ಲಾರಿ ನೀರಿಗೆ ಬಿತ್ತು, ಚಾಲಕ ಬದುಕುಳಿದರು. ಶಿಕಾರಿಪುರದಿಂದ ಬಂದಳಿಕೆ, ಸೊರಬದ ಕಡೆ ಹೋಗುವಾಗ ನನಗೂ ಈ ಪ್ರಶ್ನೆ ಬರುತ್ತೆ: ನೋಡೋಕೆ ಚೆನ್ನಾಗಿರೋ ಕಾಂಕ್ರೀಟ್ ಸೇತುವೆ ಒಳಗೂ ಗಟ್ಟಿ ಇದೆಯಾ ಅಂತ ತಿಳಿಯೋದು ಹೇಗೆ?

ಒಂದು ದಾರಿ ಲೋಡ್ ಟೆಸ್ಟ್. ಅಂದ್ರೆ ಭಾರ ಹೊರಿಸಿ ನೋಡೋದು. ಮೊದಲು ಸಂಚಾರ ನಿಲ್ಲಿಸ್ತಾರೆ. ಎರಡು ಕಂಬಗಳ ನಡುವಿನ ಒಂದು ಭಾಗ, ಅಂದ್ರೆ ಒಂದು ಸ್ಪ್ಯಾನ್ ಆರಿಸಿಕೊಳ್ತಾರೆ. ತೂಕ ಹಾಕಿದ ಲಾರಿಗಳನ್ನು ಹಂತಹಂತವಾಗಿ ತಂದು ಅದರ ಮೇಲೆ ನಿಲ್ಲಿಸ್ತಾರೆ: ಮೊದಲು ಅರ್ಧ ಭಾರ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ. ಸೇತುವೆ ಎಷ್ಟು ಮಿಲಿಮೀಟರ್ ಬಾಗಿತು ಅಂತ ಕೆಳಗಿಟ್ಟ ಗೇಜ್‌ಗಳು ತೋರಿಸುತ್ತವೆ. ಪೂರ್ತಿ ಭಾರ 24 ಗಂಟೆ ಹಾಗೇ ಇರುತ್ತೆ. ಇಳಿಸಿದ ಮೇಲೆ ಮತ್ತೆ 24 ಗಂಟೆ ಕಾಯ್ತಾರೆ.

ಕಾಯೋದು ಯಾಕೆ? ಭಾರ ಬಿದ್ರೆ ಸೇತುವೆ ಬಾಗೋದು ಸಹಜ. ಇಳಿಸಿದ ಮೇಲೆ ಎಷ್ಟು ಮೇಲೆದ್ದಿತು ಅನ್ನೋದೇ ಮುಖ್ಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಪ್ರಕಾರ ಆರ್‌ಸಿಸಿ ಸೇತುವೆ ಕನಿಷ್ಠ ಶೇ 75ರಷ್ಟು, ಒಳಗೆ ಬಿಗಿದ ಕೇಬಲ್ ಇರುವ ಪ್ರಿಸ್ಟ್ರೆಸ್ಡ್ ಸೇತುವೆ ಶೇ 85ರಷ್ಟು ಚೇತರಿಸಿಕೊಳ್ಳಬೇಕು. ಅಂದ್ರೆ ಕೇಬಲ್ ಸೇತುವೆ 10 ಮಿ.ಮೀ. ಬಾಗಿದ್ರೆ, 8.5 ಮಿ.ಮೀ. ಆದ್ರೂ ವಾಪಸ್ ಬರಬೇಕು. ಬಿಸಿಲಿಗೂ ಸೇತುವೆ ಅಲ್ಪಸ್ವಲ್ಪ ಬಾಗುತ್ತೆ, ಹಾಗಾಗಿ ತಾಪಮಾನದ ಲೆಕ್ಕ ಬೇರೆ ಕಳೀತಾರೆ.

ಬೆಂಗಳೂರಿನ ಪೀಣ್ಯ ಮೇಲ್ಸೇತುವೆ ನೆನಪಿದೆಯಾ? 102 ಮತ್ತು 103ನೇ ಕಂಬಗಳ ನಡುವಿನ ಕೇಬಲ್‌ಗಳಲ್ಲಿ ದೋಷ ಕಂಡು 2021ರ ಡಿಸೆಂಬರ್‌ನಲ್ಲಿ ಮುಚ್ಚಿದರು. ಲೋಡ್ ಟೆಸ್ಟ್ ಆದ ಮೇಲೆ 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಮಾತ್ರ ಬಿಟ್ಟರು. ಲಾರಿ, ಬಸ್ಸು ಮತ್ತೆ ಹತ್ತಿದ್ದು 2024ರ ಜುಲೈನಲ್ಲಿ, ಅದೂ ಶುಕ್ರವಾರ ಬಿಟ್ಟು.

ಆದ್ರೆ ಒಂದು ಮಾತು. ಲೋಡ್ ಟೆಸ್ಟ್ ಹೇಳೋದು ಆ ಸ್ಪ್ಯಾನ್‌ನ ಆ ದಿನದ ಶಕ್ತಿಯನ್ನು ಮಾತ್ರ. ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯೋದು ನಿಲ್ಲಲ್ಲ. ಅದಕ್ಕೇ ಬಿರುಕು, ತುಕ್ಕು, ಅಡಿಪಾಯದ ತಪಾಸಣೆಯೂ ಆಗ್ತಾ ಇರಬೇಕು. ಒಮ್ಮೆ ಪಾಸಾದ್ರೆ ಜೀವನಪೂರ್ತಿ ಗ್ಯಾರಂಟಿ ಅಲ್ಲ.

ನಿಮ್ಮೂರಿನ ಸೇತುವೆ ಕೊನೇ ಸಲ ತಪಾಸಣೆ ಆಗಿದ್ದು ಯಾವಾಗ? ಸೇತುವೆ ಯಾವ ಇಲಾಖೆಗೆ ಸೇರುತ್ತೋ ಅಲ್ಲಿಗೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ, ವರದಿಯ ಪ್ರತಿ ಕೇಳಿ. ತೂಕದ ಮಿತಿಯ ಬೋರ್ಡ್ ಇದ್ರೆ, ದಯವಿಟ್ಟು ಒಂದು ಟ್ರಿಪ್ ಹೆಚ್ಚಾದ್ರೂ ಪರವಾಗಿಲ್ಲ, ಲೋಡ್ ಕಡಿಮೆ ಮಾಡಿ.