ಬೋರ್‌ವೆಲ್‌ಗೆ ಸಾಲದ ಬಿಸಿಲು

ಕೆ.ಆರ್. ಪುರಂ ದಾಟಿ ಹಳೇ ಮದ್ರಾಸ್ ರೋಡಲ್ಲಿ ಹೊಸಕೋಟೆ, ಕೋಲಾರದ ಕಡೆ ಹೋದರೆ ಚಿಕ್ಕ ಹಿಡುವಳಿಗಳೇ ಜಾಸ್ತಿ. ಬೆಳೆ ಕೈಕೊಟ್ಟಾಗ ಮನೆ ನಡೆಸೋದು ಡೇರಿಗೆ ಹಾಕೋ ಹಾಲು. ಹಸುಗೆ ಮೇವು ಬೇಕು, ಮೇವಿಗೆ ನೀರು ಬೇಕು. ಕೋಲಾರದಲ್ಲಿ ಎಷ್ಟೋ ಬೋರ್‌ವೆಲ್‌ಗಳು 1,000 ಅಡಿ ದಾಟಿವೆ.

ಇಲ್ಲಿ ಸೋಲಾರ್ ಪಂಪ್ ಹಾಕಿದರೆ, ಅರ್ಧ ಬಿಸಿಲಿಗೆ ಅರ್ಧ ನೀರು ಬರುತ್ತಾ? ಇಲ್ಲ. ಮೆಕ್ಯಾನಿಕಲ್‌ನವರು ಓದೋ ಅಫಿನಿಟಿ ಲಾ ನೆನಪಿಸಿಕೊಳ್ಳಿ. ಪಂಪಿಗೆ ಬೇಕಾದ ಪವರ್ ವೇಗದ ಘನಕ್ಕೆ ಅನುಪಾತದಲ್ಲಿರುತ್ತೆ. ಅದು ನೀರೆತ್ತುವ ಎತ್ತರ ವೇಗದ ವರ್ಗಕ್ಕೆ. ಪವರ್ ಅರ್ಧವಾದರೆ ವೇಗ ಸುಮಾರು ಶೇ. 79ಕ್ಕೆ, ಎತ್ತರ ಶೇ. 63ಕ್ಕೆ ಇಳಿಯುತ್ತೆ. ನೀರು ಅದಕ್ಕಿಂತ ಆಳದಲ್ಲಿದ್ದರೆ ಮೋಟಾರ್ ತಿರುಗುತ್ತೆ, ಪೈಪಲ್ಲಿ ಒಂದು ಹನಿಯೂ ಬರಲ್ಲ. ಬೆಳಿಗ್ಗೆ, ಸಂಜೆಯ ಬಿಸಿಲು ದಂಡ.

ಆದರೆ 5 ಎಚ್‌ಪಿ ಪಂಪಿಗೆ ಸಾಲದ ಆ ಅರ್ಧ ಪವರ್, 2 ಎಚ್‌ಪಿಯ ಮೇವು ಕತ್ತರಿಸೋ ಮಿಷನ್‌ಗೆ ಸಾಕು. ಇದಕ್ಕೇ ‘ಯೂನಿವರ್ಸಲ್ ಸೋಲಾರ್ ಪಂಪ್ ಕಂಟ್ರೋಲರ್’ ಇದೆ. ಪಂಪ್ ನಿಂತಾಗ ಅದೇ ಪ್ಯಾನೆಲ್‌ನಿಂದ ಮೇವಿನ ಮಿಷನ್, ಹಿಟ್ಟಿನ ಗಿರಣಿ ಓಡಿಸುತ್ತೆ. 2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯಲ್ಲೂ ಇದಕ್ಕೆ ಅವಕಾಶ ಇದೆ.

ಇನ್ನೂ ನಾಲ್ಕು ಪ್ಯಾನೆಲ್ ಜಾಸ್ತಿ ಹಾಕಿ ಅನ್ನೋದು ಸುಲಭ. ಬಿಸಿಲು ಪುಕ್ಕಟೆ ಅಂತ ಇಡೀ ದಿನ ನೀರೆತ್ತಿದರೆ ಅಂತರ್ಜಲ ಇನ್ನೂ ಕೆಳಗಿಳಿಯುತ್ತೆ, ಆ ಪ್ಯಾನೆಲ್ಲೂ ಸಾಲಲ್ಲ. ಕೋಲಾರಕ್ಕೆ ಕೊರತೆ ಇರೋದು ಬಿಸಿಲಿಗಲ್ಲ, ನೀರಿಗೆ. ಪ್ರಾಜೆಕ್ಟ್‌ಗೆ ಸೋಲಾರ್ ಪಂಪ್ ಆರಿಸಿಕೊಳ್ಳೋರು ಬೋರ್‌ವೆಲ್ ಜೊತೆ ಕೊಟ್ಟಿಗೆಯನ್ನೂ ಲೆಕ್ಕಕ್ಕೆ ತಗೊಳ್ಳಿ.